ದೋಣಿ ತಳ್ಳುವ ಕೋಲಿಗೆ ಏನಂತಾರೆ?

ಜರ್ಮನಿಯ ಟ್ಯೂಬಿಂಗೆನ್‌ಗೆ ನಾವು ಹೊರಟಿದ್ದು ದೋಣಿ ಹತ್ತೋಕೆ. ಅದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ.

ಜೂನ್ ಕೊನೆಯ ಶನಿವಾರ. ಸ್ಟುಟ್‌ಗಾರ್ಟ್‌ನಲ್ಲಿ ನನ್ನ ಮನೆ ಇರುವುದು ಮೇಲಿನ ಮಹಡಿಯಲ್ಲಿ, ಹೆಂಚಿನ ಕೆಳಗೇ. ಫ್ಯಾನ್ ಇಲ್ಲ. ಇಲ್ಲಿ ಮನೆ ಕಟ್ಟಿದವರು ಚಳಿಯೊಂದನ್ನೇ ಲೆಕ್ಕಕ್ಕೆ ಹಿಡಿದು ಕಟ್ಟಿದ್ದಾರೆ. ಗೋಡೆ ದಪ್ಪ, ಕಿಟಕಿಗೆ ಎರಡು ಗಾಜು, ಒಳಗೆ ಬಂದ ಸೆಕೆ ಹೊರಗೆ ಹೋಗುವ ಮಾತೇ ಇಲ್ಲ. ಮೂವತ್ತೆರಡು ಡಿಗ್ರಿ ಅಂದರೆ ತಿಪಟೂರಿನವಳಾದ ನಾನು ನಗಬೇಕು. ನಗು ಬರಲಿಲ್ಲ. ರಾತ್ರಿಯೆಲ್ಲಾ ಒದ್ದೆ ಟವೆಲ್ ಹೊದ್ದು ಮಲಗಿದ್ದೆ.

ಅದಕ್ಕೇ ಹುಬ್ಬಳ್ಳಿ ಅಣ್ಣ ಶುಕ್ರವಾರ ಸಂಜೆ ಫೋನ್ ಮಾಡಿ, ‘ನಾಳೆ ನೀರಿನ ಮ್ಯಾಲೆ ಹೋಗೂಣು’ ಅಂದ ಕೂಡಲೇ ಒಪ್ಪಿಕೊಂಡೆ. ನಾವು ನಾಲ್ಕು ಜನ. ಹುಬ್ಬಳ್ಳಿ ಅಣ್ಣ, ಅವರ ಹೆಂಡತಿ ಮೈಸೂರು ಅಕ್ಕ, ನಾನು, ಮತ್ತೆ ನನ್ನ ಆಫೀಸಿನ ತಲಶ್ಶೇರಿ ಹುಡುಗಿ. ಅವಳು ಎಂಜಿನಿಯರಿಂಗ್ ಓದಿದ್ದು ಮಂಗಳೂರಲ್ಲಿ. ಕನ್ನಡ ಚೆನ್ನಾಗಿ ಬರುತ್ತೆ. ಕೋಪ ಬಂದಾಗ ಮಾತ್ರ ಮಲಯಾಳಂ.

ಸ್ಟುಟ್‌ಗಾರ್ಟ್‌ನಿಂದ ಟ್ಯೂಬಿಂಗೆನ್‌ಗೆ ರೈಲಿನಲ್ಲಿ ಒಂದು ಗಂಟೆ ಆಗುತ್ತೆ. ಹತ್ತಿದ ತಕ್ಷಣ ಅಮ್ಮನಿಗೆ ಮೆಸೇಜ್ ಹಾಕಿದೆ. ಎಲ್ಲಿಗೆ ಹೋದರೂ ಹೇಳಿಯೇ ಹೋಗಬೇಕು. ವಯಸ್ಸು ಮೂವತ್ತೊಂದಾದರೂ ಈ ನಿಯಮ ಸಡಿಲವಾಗಿಲ್ಲ. ಅಮ್ಮ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿ ರಿಟೈರ್ ಆದವರು. ಅವರದು ಯಾವಾಗಲೂ ವಾಯ್ಸ್ ಮೆಸೇಜು. ಎರಡು ನಿಮಿಷಕ್ಕೆ ಕಡಿಮೆ ಇರುವುದೇ ಇಲ್ಲ, ಹಿಂದೆ ಕುಕ್ಕರ್ ವಿಷಲ್ಲೂ ಕೇಳಿಸುತ್ತೆ.

‘ಟ್ಯೂಬಿಂಗೆನ್ನಾ? ಅದು ಕಿಟ್ಟೆಲ್ ತೀರಿಕೊಂಡ ಊರು ಕಣೇ! ಅಷ್ಟೂ ಗೊತ್ತಿಲ್ವಾ? ಮೂರು ವರ್ಷದಿಂದ ಒಂದು ಗಂಟೆ ದೂರದಲ್ಲಿದ್ದೀಯ!’

ನಿಜ ಹೇಳ್ತೀನಿ, ನನಗೆ ಗೊತ್ತಿರಲಿಲ್ಲ. ಕಿಟ್ಟೆಲ್ ಅಂದರೆ ನನಗೆ ಅಮ್ಮನ ಬೀರುವಿನ ದಪ್ಪ ಪುಸ್ತಕ, ಅವರು ಮಾಡಿದ ಕನ್ನಡ ನಿಘಂಟು. ಚಿಕ್ಕವಳಿದ್ದಾಗ ಎಲೆ ಒಣಗಿಸೋಕೆ ಅದರೊಳಗೆ ಇಡುತ್ತಿದ್ದೆ, ಬೈಸಿಕೊಳ್ಳುತ್ತಿದ್ದೆ. ಆ ಹೆಸರಿನವರಿಗೆ ಒಂದು ಊರು, ಒಂದು ರೈಲ್ವೆ ಸ್ಟೇಷನ್ನು, ಸೆಕೆಗಾಲ ಎಲ್ಲ ಇರುತ್ತೆ ಅಂತ ಯಾವತ್ತೂ ಯೋಚಿಸಿರಲಿಲ್ಲ.

ಎರಡನೇ ಮೆಸೇಜ್ ಬಂದಾಗ ರೈಲು ಎಸ್ಲಿಂಗೆನ್ ದಾಟುತ್ತಿತ್ತು. ಗುಡ್ಡದ ಮೇಲೆಲ್ಲ ದ್ರಾಕ್ಷಿ ತೋಟ, ಕೆಳಗೆ ನೆಕ್ಕರ್ ನದಿ. ಅಮ್ಮ ಹೇಳುತ್ತಿದ್ದರು: ‘ಮಂಗಳೂರ ಸಮಾಚಾರ ಶುರು ಮಾಡಿದ ಮೋಗ್ಲಿಂಗ್ ಇದ್ದಾರಲ್ಲ, ಅವರು ಓದಿದ್ದೂ ಟ್ಯೂಬಿಂಗೆನ್ನಲ್ಲೇ. ಕೊನೆಗೆ ತೀರಿಕೊಂಡಿದ್ದು ಎಸ್ಲಿಂಗೆನ್ ಅಂತ ಒಂದು ಊರಲ್ಲಿ, 1881ರಲ್ಲಿ. ಅದು ನಿಮಗೆ ಹತ್ತಿರಾನಾ?’

ಫೋನನ್ನು ಕಿಟಕಿ ಕಡೆ ತಿರುಗಿಸಿ ಫೋಟೋ ತೆಗೆದೆ. ಬಂದಿದ್ದು ಕಂಬ ಒಂದೇ. ಅದನ್ನೇ ಕಳಿಸಿದೆ. ಇನ್ನು ಮೂರು ದಿನಕ್ಕೆ ಜುಲೈ 1. ಮಂಗಳೂರ ಸಮಾಚಾರದ ಮೊದಲ ಸಂಚಿಕೆ ಬಂದದ್ದು 1843ರ ಆ ದಿನ, ನಮ್ಮಲ್ಲಿ ಪತ್ರಿಕಾ ದಿನ ಮಾಡುವುದೂ ಅವತ್ತೇ. ಶಾಲೆಯಲ್ಲಿ ಇದರ ಮೇಲೆ ಪ್ರಬಂಧ ಬರೆದು ಬಹುಮಾನ ತಗೊಂಡಿದ್ದೆ. ಸ್ಟೀಲ್ ಲೋಟ.

‘ಏ, ನಮ್ಮ ಧಾರವಾಡದಾಗ ಕಿಟೆಲ್ ಕಾಲೇಜ್ ಐತಲ್ರೀ’ ಅಂದರು ಹುಬ್ಬಳ್ಳಿ ಅಣ್ಣ. ‘ನಾ ಅದರ ಮುಂದ ಸಾವಿರ ಸಲ ಬಸ್ಸಿನ್ಯಾಗ ಹೋಗೇನಿ. ಆತ ಇಲ್ಲಿಯವ ಅಂತ ಯಾರೂ ಹೇಳಿದ್ದಿಲ್ಲ.’

ತಲಶ್ಶೇರಿ ಹುಡುಗಿ ಸುಮ್ಮನೆ ನಗುತ್ತಾ ಕೂತಿದ್ದಳು. ಆಮೇಲೆ ನಿಧಾನವಾಗಿ ಅಸ್ತ್ರ ಬಿಟ್ಟಳು. ‘ನಮ್ಮ ಗುಂಡರ್ಟ್ ಕೂಡ ಓದಿದ್ದು ಟ್ಯೂಬಿಂಗೆನ್ನಲ್ಲೇ. ಅವರ ಮಲಯಾಳಂ ನಿಘಂಟು 1872ರಲ್ಲೇ ಬಂತು. ನಿಮ್ಮದು ಯಾವಾಗ?’

1894. ಇಪ್ಪತ್ತೆರಡು ವರ್ಷ ಹಿಂದೆ ಬಿದ್ದಿದ್ದೇವೆ. ‘ನಮ್ಮದು ದಪ್ಪ’ ಅಂದೆ. ಎಪ್ಪತ್ತು ಸಾವಿರದಷ್ಟು ಶಬ್ದ, 1,700ಕ್ಕೂ ಜಾಸ್ತಿ ಪುಟ. ಎಲೆ ಒಣಗಿಸಿದ ಅನುಭವ ಕೊನೆಗೂ ಕೆಲಸಕ್ಕೆ ಬಂತು.

ಟ್ಯೂಬಿಂಗೆನ್ ಸ್ಟೇಷನ್ನಿಂದ ಊರಿನ ಒಳಗೆ ಹೋಗೋಕೆ ನೆಕ್ಕರ್ ಸೇತುವೆ ದಾಟಬೇಕು. ಎಲ್ಲರೂ ಆ ಸೇತುವೆ ಮೇಲೆ ನಿಂತೇ ನಿಲ್ಲುತ್ತಾರೆ. ನಾವೂ ನಿಂತೆವು. ನದಿ ದಂಡೆಗೆ ಅಂಟಿಕೊಂಡು ಹಳದಿ, ಗುಲಾಬಿ, ತಿಳಿ ಹಸಿರು ಬಣ್ಣದ ಹಳೇ ಮನೆಗಳು ಒಂದರ ಹೆಗಲ ಮೇಲೆ ಒಂದು ಕೂತ ಹಾಗೆ ಇವೆ. ಅದರಾಚೆ ಚರ್ಚಿನ ಗೋಪುರ. ನದಿಯ ಮಧ್ಯೆ ಉದ್ದಕ್ಕೆ ಒಂದು ದ್ವೀಪ. ಅದರ ತುಂಬ ಸಾಲು ಮರ, ಪ್ಲಾಟನೆನ್ ಅಂತಾರೆ. ಸುಮಾರು ಇನ್ನೂರು ವರ್ಷದ ಮರಗಳು. ಎರಡೂ ಕಡೆಯಿಂದ ಬಾಗಿ ಮೇಲೆ ಚಪ್ಪರ ಹಾಕಿವೆ. ಆ ನೆರಳಿಗೆ ಹೋದ ತಕ್ಷಣ ಮೈಸೂರು ಅಕ್ಕ ಬೆಂಚಿನ ಮೇಲೆ ಡಬ್ಬಿ ತೆಗೆದರು. ಗಂಟೆ ಹನ್ನೊಂದೂ ಆಗಿರಲಿಲ್ಲ. ಮೊಸರನ್ನ, ಮಾವಿನಕಾಯಿ ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿ. ಪಕ್ಕದ ಬೆಂಚಿನ ಅಜ್ಜಿ ನಮ್ಮ ಕಡೆ ನೋಡಿ ‘ಗೂಟೆನ್ ಆಪೆಟೀಟ್’ ಅಂದರು. ಅಕ್ಕ ಒಂದು ಮೆಣಸಿನಕಾಯಿ ಕೊಡೋಕೆ ಹೋದರು. ನಾನು ತಡೆದೆ. ಪೊಲೀಸ್ ಕೇಸ್ ಆಗೋದು ಬೇಡ ಅಂತ.

ಸರಿ, ದೋಣಿ.

ಇಲ್ಲಿನ ದೋಣಿಗೆ ಶ್ಟೋಖರ್‌ಕಾನ್ ಅಂತ ಹೆಸರು. ಉದ್ದ, ಚಪ್ಪಟೆ ತಳ, ಎರಡೂ ಬದಿಗೆ ಒರಗಿಕೊಂಡು ಎದುರುಬದುರು ಕೂರುವ ಹಾಗೆ ಹಲಗೆ. ಹುಟ್ಟಿಲ್ಲ, ಮೋಟಾರೂ ಇಲ್ಲ. ಹಿಂದಿನ ತುದಿಯಲ್ಲಿ ಒಬ್ಬರು ನಿಂತುಕೊಂಡು ಏಳು ಮೀಟರ್ ಉದ್ದದ ಕೋಲನ್ನು ನದಿಯ ತಳಕ್ಕೆ ಊರಿ ತಳ್ಳುತ್ತಾರೆ. ಶ್ಟೋಖರ್ನ್ ಅಂದರೆ ಕೆದಕುವುದು, ತಿವಿಯುವುದು. ಹಲ್ಲಿಗೆ ಚುಚ್ಚುವ ಕಡ್ಡಿಗೂ ಇಲ್ಲಿ ತ್ಸಾನ್‌ಶ್ಟೋಖರ್ ಅನ್ನುವುದು. ಅಂದರೆ ನಾವು ಹತ್ತಿದ್ದು ಕಡ್ಡಿಯಾಡಿಸುವ ದೋಣಿ.

ತಳ್ಳುತ್ತಿದ್ದವಳು ಒಬ್ಬ ವಿದ್ಯಾರ್ಥಿನಿ. ಬರಿಗಾಲು, ತಲೆಗೆ ಹುಲ್ಲಿನ ಟೋಪಿ. ಕೋಲನ್ನು ಕೈಯಲ್ಲಿ ಜಾರಿಸಿ ಬಿಡುತ್ತಾಳೆ, ತಳ ಸಿಕ್ಕ ಕೂಡಲೇ ಮೈ ಭಾರವೆಲ್ಲ ಹಾಕಿ ಒತ್ತುತ್ತಾಳೆ, ಮತ್ತೆ ಕೈ ಮೇಲೆ ಕೈ ಇಟ್ಟು ಎಳೆದುಕೊಳ್ಳುತ್ತಾಳೆ. ಶಬ್ದವೇ ಇಲ್ಲ. ಕೋಲಿನಿಂದ ಸೋರಿದ ನೀರು ಮಾತ್ರ ಅಣ್ಣನ ಬೆನ್ನ ಮೇಲೆ ತೊಟ್ಟಿಕ್ಕುತ್ತಿತ್ತು. ಅವರು ಜಾಗ ಬದಲಿಸಲಿಲ್ಲ. ‘ಇದಕ್ಕ ರೊಕ್ಕ ಕೊಟ್ಟೀವಿ’ ಅಂದರು.

ಪ್ರತಿ ವರ್ಷ ಕಾರ್ಪಸ್ ಕ್ರಿಸ್ಟಿ ಅನ್ನುವ ಕ್ರೈಸ್ತ ಹಬ್ಬದ ದಿನ ಈ ದೋಣಿಗಳ ಪಂದ್ಯ ನಡೆಯುತ್ತಂತೆ. ಸೋತ ತಂಡದ ಪ್ರತಿಯೊಬ್ಬರೂ ಎಲ್ಲರ ಮುಂದೆ ಅರ್ಧ ಲೀಟರ್ ಕಾಡ್ ಲಿವರ್ ಎಣ್ಣೆ ಕುಡಿಯಬೇಕು. ಮೀನೆಣ್ಣೆ! ಚಿಕ್ಕಂದಿನಲ್ಲಿ ಅದರ ಒಂದು ಮಾತ್ರೆ ನುಂಗಿಸೋಕೆ ಅಪ್ಪ ಬೆಲ್ಲ ಹಿಡಿದುಕೊಂಡು ಮನೆಯೆಲ್ಲಾ ಓಡಾಡುತ್ತಿದ್ದರು. ಆ ವಾಸನೆ ನೆನಪಾಗಿ ನನಗೆ ದೋಣಿಯಲ್ಲೇ ಹೊಟ್ಟೆ ತೊಳಸಿತು.

ಆಗ ನಾನು ಕೇಳಿದೆ, ಸುಮ್ನೆ: ‘ಈ ಕೋಲಿಗೆ ಕನ್ನಡದಲ್ಲಿ ಏನಂತಾರೆ?’

‘ಹುಟ್ಟು’ ಅಂದರು ಅಕ್ಕ.

‘ಹುಟ್ಟು ಅಂದ್ರೆ ನೀರನ್ನು ಹಿಂದಕ್ಕೆ ತಳ್ಳೋದು, ಅಗಲ ಹಲಗೆ ಇರುತ್ತೆ. ಇದು ನೆಲ ತಳ್ಳೋದು.’

‘ಕೋಲು ಅಂದ್ರ ಕೋಲು’ ಅಂದರು ಅಣ್ಣ. ‘ಬಡಿಗಿ ಅನ್ನು ಬೇಕಾದ್ರ.’

ನಾನು ದೋಟಿ ಅಂದೆ. ಎಲ್ಲರೂ ನಕ್ಕರು. ದೋಟಿ ಕಾಯಿ ಕೀಳೋಕೆ ತಾನೇ. ಏನು ಮಾಡೋದು, ತಿಪಟೂರಿನವರಿಗೆ ಉದ್ದದ್ದೆಲ್ಲ ತೆಂಗಿನ ಮರಕ್ಕೇ ಹೋಗಿ ತಾಗುತ್ತೆ. ಅಕ್ಕ ಯೋಚನೆ ಮಾಡಿ ‘ಜಲ್ಲೆ’ ಅಂದರು. ಅದು ಹತ್ತಿರ ಬಂತು, ಆದರೆ ಜಲ್ಲೆ ಅಂದರೆ ನನ್ನ ಕಣ್ಣಿಗೆ ಬರುವುದು ಸಂಕ್ರಾಂತಿಯ ಕಬ್ಬು. ಮೂವರು ಕನ್ನಡಿಗರು ಒಂದು ಕೋಲಿನ ಹೆಸರಿಗೆ ಒದ್ದಾಡುತ್ತಿರುವಾಗ ತಲಶ್ಶೇರಿ ಹುಡುಗಿ ನೀರಿಗೆ ಕೈ ಬಿಟ್ಟುಕೊಂಡೇ ಹೇಳಿದಳು: ‘ನಮ್ಮಲ್ಲಿ ಕಳುಕ್ಕೋಲ್.’

ಇವಳಿಗೆ ಯೋಚನೆಯನ್ನೂ ಮಾಡಬೇಕಾಗಿರಲಿಲ್ಲ. ಹಿನ್ನೀರಿನ ಊರಿನವಳು. ನಾನು ಅಮ್ಮನಿಗೆ ಪ್ರಶ್ನೆ ಕಳಿಸಿದೆ. ಅಲ್ಲಿ ಮಧ್ಯಾಹ್ನ ನಿದ್ದೆಯ ಹೊತ್ತು. ಉತ್ತರ ಬರಲಿಲ್ಲ.

ದೋಣಿ ಒಂದು ಹಳದಿ ಗೋಪುರದ ಮುಂದೆ ನಿಧಾನವಾಯಿತು. ಹೊಲ್ಡರ್‌ಲಿನ್ ಗೋಪುರ. ಹಿಂದಿನ ರಾತ್ರಿ ಸೆಕೆಗೆ ನಿದ್ದೆ ಬಾರದೆ ಈ ಕವಿಯ ಬಗ್ಗೆ ಓದಿದ್ದೆ, ಆದ್ದರಿಂದ ನಾನೇ ಗೈಡ್. ಈ ಮನುಷ್ಯನಿಗೆ ಬುದ್ಧಿಭ್ರಮಣೆ ಅಂತ 1806ರಲ್ಲಿ ಇಲ್ಲಿನ ಆಸ್ಪತ್ರೆಗೆ ತಂದು ಸೇರಿಸಿದರು. ಏಳೆಂಟು ತಿಂಗಳಾದ ಮೇಲೆ ಗುಣ ಆಗಲ್ಲ, ಹೆಚ್ಚೆಂದರೆ ಮೂರು ವರ್ಷ ಬದುಕಬಹುದು ಅಂತ ಹೇಳಿ ಬಿಟ್ಟುಬಿಟ್ಟರು. ಅವನ ಪುಸ್ತಕ ಓದಿ ಮೆಚ್ಚಿಕೊಂಡಿದ್ದ ಒಬ್ಬ ಬಡಗಿ, ಎರ್ನ್‌ಸ್ಟ್ ಸಿಮ್ಮರ್ ಅಂತ, ಈ ನದಿ ದಂಡೆಯ ಮನೆಗೆ ಕರಕೊಂಡು ಬಂದ. ಕವಿ ಇಲ್ಲಿ ಬದುಕಿದ್ದು ಮೂರು ವರ್ಷ ಅಲ್ಲ, ಮೂವತ್ತಾರು ವರ್ಷ. 1843ರಲ್ಲಿ ತೀರಿಕೊಂಡ. ಅಷ್ಟು ಹೊತ್ತಿಗೆ ಆ ಬಡಗಿಯೂ ಹೋಗಿ, ಮಗಳು ನೋಡಿಕೊಳ್ಳುತ್ತಿದ್ದಳು. ನೋಡೋಕೆ ಬಂದವರು ಕೇಳಿದರೆ ಅಲ್ಲೇ ನಿಂತು ಪದ್ಯ ಬರೆದು ಕೊಡುತ್ತಿದ್ದನಂತೆ. ಕೆಳಗೆ ಸ್ಕಾರ್ಡನೆಲ್ಲಿ ಅಂತ ಇಲ್ಲದ ಹೆಸರಿನ ಸಹಿ, ಮನಸ್ಸಿಗೆ ಬಂದ ತಾರೀಖು.

ಈಗಿರುವ ಗೋಪುರ 1875ರಲ್ಲಿ ಬೆಂಕಿ ಬಿದ್ದ ಮೇಲೆ ಮತ್ತೆ ಕಟ್ಟಿದ್ದು. ಹಾಗಂದ ಕೂಡಲೇ ಅಣ್ಣನಿಗೆ ಆಸಕ್ತಿ ಹೋಯಿತು. ‘ಡುಪ್ಲಿಕೇಟಾ?’ ನನಗೆ ಮಾತ್ರ ಆ ಬಡಗಿಯ ವಿಷಯವೇ ತಲೆಯಲ್ಲಿ ಕೂತುಬಿಟ್ಟಿತು. ಒಬ್ಬರ ಪದ್ಯ ಇಷ್ಟ ಆಯಿತು ಅಂತ ಅವರನ್ನು ಮನೆಗೆ ಕರಕೊಂಡು ಬಂದು ಮೂವತ್ತಾರು ವರ್ಷ ಊಟ ಹಾಕೋದು. ಮನೆಯವರಿಗೆ ಖರ್ಚಿನ ಹಣ ಬರುತ್ತಿತ್ತು, ಅದು ನಿಜ. ಆದರೂ.

ದೋಣಿ ಇಳಿದು ಊರೊಳಗೆ ಏರಿದೆವು. ಏರು ಅಂದರೆ ಏರು. ಕಲ್ಲು ಹಾಸಿನ ಗಲ್ಲಿಗಳು, ಎಡಕ್ಕೆ ಬಲಕ್ಕೆ ಮೆಟ್ಟಿಲು. ಸುಮಾರು ತೊಂಬತ್ತು ಸಾವಿರ ಜನರ ಊರು, ಅದರಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು. ಶನಿವಾರದ ಬಿಸಿಲಿಗೆ ಎಲ್ಲರೂ ಚರ್ಚಿನ ಮೆಟ್ಟಿಲ ಮೇಲೇ ಕೂತಿದ್ದರು ಅನ್ನಿಸಿತು. ಮುಂದೆ ಹೋಲ್ಸ್‌ಮಾರ್ಕ್ಟ್ ಅನ್ನುವ ಚೌಕ. ಅಲ್ಲಿ ಹೆಕೆನ್‌ಹೌವರ್ ಅನ್ನುವ ಹಳೇ ಪುಸ್ತಕದಂಗಡಿಯ ಮನೆ. ಸಾಹಿತಿ ಹರ್ಮನ್ ಹೆಸ್ 1895ರಿಂದ 1899ರ ತನಕ ಇಲ್ಲಿ ಕೆಲಸ ಮಾಡುತ್ತಿದ್ದರು. ತಲಶ್ಶೇರಿಯವಳು ಮತ್ತೆ ಗಂಟಲು ಸರಿಮಾಡಿಕೊಂಡಳು. ಹೆಸ್ ಅವರ ತಾಯಿ ಹುಟ್ಟಿದ್ದು ತಲಶ್ಶೇರಿಯಲ್ಲಿ, 1842ರಲ್ಲಿ. ಗುಂಡರ್ಟ್ ಮಗಳು. ‘ಅಂದರೆ ನೊಬೆಲ್ ಬಂದವರ ಅಮ್ಮ ನಮ್ಮೂರವರು.’ ಜೊತೆಗೆ ಈ ವಿಶ್ವವಿದ್ಯಾಲಯದಲ್ಲಿ 2015ರಿಂದ ಗುಂಡರ್ಟ್ ಹೆಸರಿನಲ್ಲಿ ಮಲಯಾಳಂ ಪೀಠ ಬೇರೆ ಇದೆ. ಮಧ್ಯಾಹ್ನ ಎರಡು ಗಂಟೆಗೆ ಸ್ಕೋರು ಕೇರಳದ ಕಡೆ ಹೆಚ್ಚೇ ವಾಲಿತ್ತು.

ನಾನೂ ಸುಮ್ಮನಿರಲಿಲ್ಲ. ಪಕ್ಕದ ಮ್ಯೂನ್ಸ್‌ಗಾಸೆಯಲ್ಲಿ ವಿಶ್ವವಿದ್ಯಾಲಯದ ಹಳೇ ಕಟ್ಟಡ ಇದೆ. ವಿಶ್ವವಿದ್ಯಾಲಯ ಶುರುವಾದದ್ದು 1477ರಲ್ಲಿ. ಕೆಪ್ಲರ್ ಓದಿದ್ದು ಇಲ್ಲಿ. 1623ರಲ್ಲಿ ಲೆಕ್ಕ ಮಾಡುವ ಯಂತ್ರ ಮಾಡಿದ ಶಿಕಾರ್ಡ್ ಇಲ್ಲಿನ ಪ್ರೊಫೆಸರ್. ಇದೇ ವಿಶ್ವವಿದ್ಯಾಲಯ ಮೋಗ್ಲಿಂಗ್‌ಗೆ 1858ರಲ್ಲಿ, ಕಿಟ್ಟೆಲ್‌ಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಇಬ್ಬರಿಗೂ ಸಿಕ್ಕಿದ್ದು ಕನ್ನಡದ ಕೆಲಸಕ್ಕೆ. ಬಾಗಿಲ ಮುಂದೆ ನಿಂತು ಅಮ್ಮನ ಮೆಸೇಜಿನಲ್ಲಿ ಕೇಳಿದ ಇದನ್ನೆಲ್ಲ ಜೋರಾಗಿ ಹೇಳಿದೆ. ಅಣ್ಣ ಚಪ್ಪಾಳೆ ತಟ್ಟಿದರು. ಒಂದು ಪಾರಿವಾಳ ಹಾರಿ ಹೋಯಿತು.

1853ರಲ್ಲಿ ಮಂಗಳೂರಿಗೆ ಬಂದಾಗ ಕಿಟ್ಟೆಲ್‌ಗೆ ಇಪ್ಪತ್ತೊಂದು ವರ್ಷ. ಮಂಗಳೂರು, ಧಾರವಾಡ, ಮಡಿಕೇರಿ ಅಂತ ಓಡಾಡಿ, ಹಳ್ಳಿಯವರ ಬಾಯಿಂದ ಗಾದೆ, ಬೈಗುಳ, ಗಿಡದ ಹೆಸರು ಎಲ್ಲ ಬರಕೊಂಡು, ಮಧ್ಯೆ ಕಣ್ಣು ಹಾಳು ಮಾಡಿಕೊಂಡು, ಕೊನೆಗೆ ಈ ಊರಿಗೆ ಬಂದು ಉಳಿದರು. 1903ರ ಡಿಸೆಂಬರಿನಲ್ಲಿ ಇಲ್ಲೇ ತೀರಿಕೊಂಡರು. ಈ ಏರು ಹತ್ತುವಾಗ ಆ ಮುದುಕರ ಬಾಯಲ್ಲಿ ಯಾವ ಭಾಷೆಯ ಉಸ್ಸಪ್ಪ ಬರುತ್ತಿತ್ತೋ ಅಂತ ಯೋಚಿಸಿದೆ. ನನ್ನ ಬಾಯಲ್ಲಿ ಬಂದದ್ದಂತೂ ‘ಅಯ್ಯಪ್ಪಾ’.

ಅದೇ ಗಲ್ಲಿಯಲ್ಲಿ ನಗು ತಡೆಯಲಾಗದ ಒಂದು ಫಲಕ ಇದೆ. ಪ್ರಕಾಶಕ ಕೋಟಾ ಅವರ ಮನೆಯ ಮೇಲೆ ‘ಗಯಟೆ ಇಲ್ಲಿ ತಂಗಿದ್ದರು’ ಅಂತ ಗಂಭೀರವಾದ ಬರಹ. ಜರ್ಮನ್ ಮಹಾಕವಿ ಗಯಟೆ ಬಂದಿದ್ದ 1797ರ ಸೆಪ್ಟೆಂಬರಿನ ಮಾತು. ಪಕ್ಕದ ಮನೆಯ ಮೇಲೆ ಇನ್ನೊಂದು ಬರಹ: ‘ಗಯಟೆ ಇಲ್ಲಿ ಕಕ್ಕಿದರು.’ ಯಾರೋ ವಿದ್ಯಾರ್ಥಿಗಳ ಕಿತಾಪತಿ ಇರಬೇಕು. ಊರಿನವರು ತೆಗೆದಿಲ್ಲ, ಅದೇ ನನಗೆ ಇಷ್ಟವಾದದ್ದು. ನಮ್ಮಲ್ಲಿ ಯಾರಾದರೂ ಮಹಾಕವಿಯ ಮನೆ ಪಕ್ಕ ಹೀಗೆ ಬರೆದರೆ ಸಂಜೆಯೊಳಗೆ ಮೆರವಣಿಗೆ.

ಐಸ್‌ಕ್ರೀಂ ಅಂಗಡಿಯಲ್ಲಿ ಒಂದು ಪಾಠ ಕಲಿತೆವು. ಟ್ಯೂಬಿಂಗೆನ್‌ನಲ್ಲಿ 2022ರಿಂದ ಬಿಸಾಡುವ ಕಪ್ಪು, ತಟ್ಟೆಗಳ ಮೇಲೆ ತೆರಿಗೆ ಇದೆ. ಕಪ್ಪಿಗೆ 50 ಸೆಂಟು. ಇದು ಸಂವಿಧಾನ ನ್ಯಾಯಾಲಯದವರೆಗೂ ಹೋಗಿ ಊರೇ ಗೆದ್ದಿತು. ಕೋನ್ ತಗೊಂಡರೆ ಅದನ್ನೇ ತಿಂದುಬಿಡುತ್ತೀರಲ್ಲ, ತೆರಿಗೆ ಇಲ್ಲ. ನಾಲ್ಕೂ ಜನ ಕೋನ್. ಆ ಬಿಸಿಲಿಗೆ ಪಿಸ್ತಾ ಐಸ್‌ಕ್ರೀಂ ಮೊಣಕೈ ತನಕ ಇಳಿಯಿತು. 50 ಸೆಂಟು ಕೊಟ್ಟಿದ್ದರೇ ಚೆನ್ನಾಗಿತ್ತು ಅಂತ ಅಕ್ಕ ಅಂಗೈ ನೆಕ್ಕುತ್ತಾ ಹೇಳಿದರು.

ಮಾರುಕಟ್ಟೆ ಚೌಕದ ಟೌನ್ ಹಾಲು ಚೆಂದ, 1435ರದ್ದು. ಮೇಲೆ 1511ರ ಖಗೋಳ ಗಡಿಯಾರ. ಅದರ ಮುಂದೆ ಫೋಟೋ ತೆಗೆದುಕೊಂಡು ಕೋಟೆಗೆ ಏರುವಾಗ ನನ್ನ ಚಪ್ಪಲಿಯ ಪಟ್ಟಿ ಕಿತ್ತು ಬಂತು. ಕೋಟೆ ಬಾಗಿಲಿಗೆ ಇನ್ನೂರು ಹೆಜ್ಜೆ ಇತ್ತು. ಕಲ್ಲು ಕಾವಲಿಯ ಹಾಗೆ ಕಾದಿತ್ತು. ನಮ್ಮೂರಾಗಿದ್ದರೆ ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಕೊಡೆ ಕೆಳಗೆ ಕೂತವರು ಹತ್ತು ರೂಪಾಯಿಗೆ ಎರಡು ಹೊಲಿಗೆ ಹಾಕಿಕೊಡುತ್ತಿದ್ದರು. ಇಲ್ಲಿ ಎಲ್ಲಿ ಹುಡುಕೋದು? ಮೈಸೂರು ಅಕ್ಕ ಪರ್ಸಿನಿಂದ ಪಿನ್ನು ತೆಗೆದರು. ಒಂದಲ್ಲ, ನಾಲ್ಕು, ಒಂದಕ್ಕೊಂದು ಸಿಕ್ಕಿಸಿದ ಗೊಂಚಲು. ‘ಸೀರೆ ಉಡದಿದ್ದರೂ ಪಿನ್ನು ಬಿಡಬಾರದು’ ಅಂತ ಅವರ ಅತ್ತೆ ಹೇಳಿದ್ದಂತೆ. ಅಂದರೆ ಅಣ್ಣನ ತಾಯಿ. ಅಣ್ಣ ಆ ಗೌರವವನ್ನು ತಾವೇ ತಗೊಂಡರು.

ಕೋಟೆಯೊಳಗೆ ದಪ್ಪ ಗೋಡೆ, ತಣ್ಣಗೆ. ಅಷ್ಟಕ್ಕೇ ಟಿಕೆಟ್ ಹಣ ವಸೂಲಿ. ಆದರೆ ಅಲ್ಲಿನ ಎರಡು ವಿಷಯ ಹೇಳಲೇಬೇಕು. ಒಂದು, ಹಳೇ ಅಡುಗೆಮನೆ. ಕೋಟೆಯ ಅಡುಗೆಮನೆಯನ್ನೇ ಪ್ರಯೋಗಾಲಯ ಮಾಡಿಕೊಂಡಿದ್ದರು. 1869ರಲ್ಲಿ ಫ್ರೀಡ್ರಿಶ್ ಮೀಶರ್ ಅನ್ನುವ ಹುಡುಗ ಆಸ್ಪತ್ರೆಯಿಂದ ಕೀವು ಹತ್ತಿದ ಬ್ಯಾಂಡೇಜುಗಳನ್ನು ತರಿಸಿಕೊಂಡು, ತೊಳೆದು, ಆ ಕೀವಿನ ಕಣಗಳಿಂದ ಒಂದು ಹೊಸ ವಸ್ತು ಬೇರ್ಪಡಿಸಿದ. ನ್ಯೂಕ್ಲೀನ್ ಅಂತ ಹೆಸರಿಟ್ಟ. ನಾವು ಇವತ್ತು ಡಿಎನ್ಎ ಅನ್ನುವುದು ಅದನ್ನೇ. ಅಡುಗೆಮನೆಯಲ್ಲಿ ಕೀವು! ಅಕ್ಕನಿಗೆ ಬೇರೆ ಏನೂ ಕಿವಿಗೆ ಹೋಗಲಿಲ್ಲ.

ಇನ್ನೊಂದು, ಕುದುರೆ. ಐದು ಸೆಂಟಿಮೀಟರೂ ಇಲ್ಲ. ಮ್ಯಾಮತ್ ಆನೆಯ ದಂತದಲ್ಲಿ ಕೆತ್ತಿದ್ದು, ಸುಮಾರು 40,000 ವರ್ಷ ಹಳೆಯದು. ಫೋಗಲ್‌ಹೆರ್ಡ್ ಅನ್ನುವ ಗುಹೆಯಲ್ಲಿ 1931ರಲ್ಲಿ ಸಿಕ್ಕಿತು. ಕಾಲುಗಳು ಮುರಿದು ಹೋಗಿವೆ. ಕತ್ತು ಮಾತ್ರ ಹೇಗೆ ಬಾಗಿದೆ ಅಂದರೆ, ಯಾರೋ ಕರೆದಿದ್ದಕ್ಕೆ ಈಗಷ್ಟೇ ತಿರುಗಿದ ಹಾಗೆ. ಕೆತ್ತಿದವರು ಬೆರಳಿನಲ್ಲಿ ಸವರಿ ಸವರಿ ಇಟ್ಟುಕೊಂಡಿರಬೇಕು. ಕತ್ತಲೆ ಕೋಣೆಯಲ್ಲಿ ಆ ಗಾಜಿನ ಪೆಟ್ಟಿಗೆಯ ಮುಂದೆ ನಾವು ನಾಲ್ಕೂ ಜನ ಮಾತಿಲ್ಲದೆ ನಿಂತಿದ್ದೆವು. ಅವತ್ತಿನ ಮಟ್ಟಿಗೆ ಅದು ದಾಖಲೆ.

ಸಂಜೆ ನದಿ ದಂಡೆಯಲ್ಲಿ ಊಟ. ಈ ಭಾಗದಲ್ಲಿ ಮೌಲ್‌ಟಾಶೆನ್ ಅಂತ ಒಂದು ತಿಂಡಿ. ಕರಿಗಡುಬನ್ನು ಚೌಕ ಮಾಡಿದ ಹಾಗೆ, ಒಳಗೆ ಮಾಂಸ ಮತ್ತು ಸೊಪ್ಪು. ಉಪವಾಸದ ದಿನಗಳಲ್ಲಿ ದೇವರಿಗೆ ಕಾಣಬಾರದು ಅಂತ ಮಾಂಸವನ್ನು ಹಿಟ್ಟಿನೊಳಗೆ ಮುಚ್ಚಿದರು ಅಂತ ಕಥೆ. ಅದಕ್ಕೆ ‘ದೇವರಿಗೆ ಟೋಪಿ ಹಾಕುವುದು’ ಅನ್ನುವ ಅರ್ಥದ ಅಡ್ಡಹೆಸರೂ ಇದೆ. ನಾನು ಸೊಪ್ಪಿನದ್ದು ತಗೊಂಡೆ. ಮುಚ್ಚಿಡೋಕೆ ಏನೂ ಇರಲಿಲ್ಲ. ಒಂಬತ್ತು ಗಂಟೆಗೂ ಬೆಳಕು ಹಾಗೇ ಇತ್ತು. ಕೆಳಗೆ ದೋಣಿಗಳು ಇನ್ನೂ ಓಡಾಡುತ್ತಿದ್ದವು, ಆ ಉದ್ದ ಕೋಲುಗಳು ಮೇಲೆದ್ದು ಕೆಳಗಿಳಿದು.

ಕೊನೆಗೂ ರೈಲು ಹತ್ತಿದಾಗ ಭಾರತದಲ್ಲಿ ರಾತ್ರಿ ಒಂದು ದಾಟಿತ್ತು. ಅಮ್ಮನ ಉತ್ತರ ಸಿಕ್ಕಿದ್ದು ಭಾನುವಾರ ಬೆಳಿಗ್ಗೆ, ನಾನು ಪಾದದ ಬೊಬ್ಬೆಗೆ ಮುಲಾಮು ಹಚ್ಚುತ್ತಿರುವಾಗ. ಮೊದಲು ಒಂದು ಫೋಟೋ. ದಪ್ಪ ಪುಸ್ತಕದ ಪುಟ, ಅದರ ಮೇಲೆ ಅಮ್ಮನ ಕನ್ನಡಕ, ಅಂಚಿನಲ್ಲಿ ನಾನು ಯಾವತ್ತೋ ಒಣಗಿಸಿದ ಅರಳಿ ಎಲೆಯ ಕಂದು ಗುರುತು. ಆಮೇಲೆ ವಾಯ್ಸ್ ಮೆಸೇಜು, ಹಿಂದೆ ಕುಕ್ಕರು:

‘ಗಳ ಕಣೇ. ಬಿದಿರು ಗಳ ಅಂತೀವಲ್ಲ, ಅದೇ. ಗಳು, ಗಳೆ ಅಂತಲೂ ಇದೆ. ಆ ಮಲಯಾಳಿ ಹುಡುಗಿ ಹೇಳಿದ್ದೂ ಇದೇ ಬೇರು, ಅವಳಿಗೆ ಹೇಳು. ಮತ್ತೆ ಚಪ್ಪಲಿಗೆ ಪಿನ್ನು ಹಾಕಿಕೊಂಡು ಓಡಾಡಬೇಡ. ಹೊಸದು ತಗೋ.’